ರಾತ್ರಿ ಉಳಿದ ಅನ್ನ ಬೆಳಿಗ್ಗೆ ತಿನ್ನಬಹುದಾ? ಆಹಾರ ತಜ್ಞೆಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ (ಸಿಂಧನೂರಿನಿಂದ): ಮೇಡಂ ನಮಸ್ಕಾರ. ನಮ್ಮದು ಆರು ಮಂದಿ ಇರುವ ಮನೆ. ರಾತ್ರಿ ಅನ್ನ ಉಳಿಯದ ದಿನವೇ ಇಲ್ಲ. ಬೆಳಿಗ್ಗೆ ಅದಕ್ಕೇ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುತ್ತೇನೆ. ಹೋದ ವಾರ ಅದನ್ನು ತಿಂದು ಶಾಲೆಗೆ ಹೋದ ಮಗ ಎರಡು ತಾಸಿನಲ್ಲೇ ವಾಂತಿ ಮಾಡಿಕೊಂಡು ವಾಪಸ್ ಬಂದ. ಅನ್ನ ಹಳಸಿರಲಿಲ್ಲ, ವಾಸನೆಯೂ ಇರಲಿಲ್ಲ. "ಇನ್ನೂ ಚೆನ್ನಾಗಿ ಬಿಸಿ ಮಾಡಬೇಕಿತ್ತು" ಅಂತಾರೆ ನಮ್ಮ ಅತ್ತೆ. ಅನ್ನ ಚೆಲ್ಲಬಾರದು ಅಂತ ಮಿಕ್ಕಿದ್ದರಲ್ಲಿ ಒಂದಿಷ್ಟು ರಾತ್ರಿ ನಾನೇ ತಿಂದು ಮುಗಿಸುತ್ತೇನೆ. ನನಗೆ ಶುಗರ್ ಬೇರೆ ಇದೆ. ಏನು ಮಾಡಲಿ?

ಉತ್ತರ (ಆಹಾರ ತಜ್ಞೆ, ರಾಯಚೂರು): ಅಕ್ಕಾ, ಮಗನಿಗೆ ಆಗಿದ್ದು ಇದರಿಂದಲೇ ಅಂತ ನೋಡದೆ ಹೇಳಲು ಆಗಲ್ಲ. ಆದರೆ ನೀವು ಹೇಳಿದ ಲಕ್ಷಣ ಒಂದಕ್ಕೆ ಹೊಂದುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರುತ್ತವೆ. ಅನ್ನ ಕುದ್ದರೂ ಅವು ಪೂರ್ತಿ ಸಾಯುವುದಿಲ್ಲ. ಅನ್ನ ಬಿಸಿ ಇರುವಷ್ಟು ಹೊತ್ತು ಸುಮ್ನೆ ಇರುತ್ತವೆ. ಉಗುರುಬೆಚ್ಚಗಾದ ಮೇಲೆ ಎದ್ದು ಬೆಳೆಯುತ್ತವೆ, ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಎಷ್ಟು ಕಾಯಿಸಿದರೂ ಹೋಗಲ್ಲ. ಆದ್ದರಿಂದ ನಿಮ್ಮ ಅತ್ತೆಯವರ ಮಾತು ಸಾರಿಗೆ ಒಂದು ಮಟ್ಟಿಗೆ ಸರಿ, ಅನ್ನಕ್ಕೆ ಅಲ್ಲ. ವಾಸನೆ ನೋಡಿ ತೀರ್ಮಾನ ಮಾಡೋದೂ ನಂಬಿಕೆಯ ದಾರಿಯಲ್ಲ.

ನೋಡಬೇಕಾದ್ದು ಗಡಿಯಾರ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇಂಥ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮಾಡಿದ ಅಡುಗೆ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. ಸೆಕೆ 32 ಡಿಗ್ರಿ ದಾಟಿದರೆ 1 ಗಂಟೆ ಅಷ್ಟೇ. ನಮ್ಮ ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೂ ಅಡುಗೆಮನೆ ಕಾದಿರುತ್ತದೆ, ಅಲ್ವಾ? ಹಾಗಾಗಿ ಬೇಸಿಗೆ ಪೂರ್ತಿ ಒಂದು ಗಂಟೆಯ ಲೆಕ್ಕವನ್ನೇ ಇಟ್ಟುಕೊಳ್ಳಿ.

ಬೋಗುಣಿ ಸಮೇತ ಮುಚ್ಚಿಟ್ಟರೆ ನಡುವಿನ ಅನ್ನ ತಾಸುಗಟ್ಟಲೆ ಬೆಚ್ಚಗೇ ಇರುತ್ತದೆ. ಎಲ್ಲರ ಊಟ ಆದ ಕೂಡಲೇ ಉಳಿದಿದ್ದನ್ನು ಪರಾತದಲ್ಲಿ ತೆಳ್ಳಗೆ ಹರಡಿ. ಫ್ಯಾನ್ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಆರಿಸಿ, ಡಬ್ಬಿಗೆ ಹಾಕಿ ಫ್ರಿಜ್‌ಗೆ ಇಡಿ. ಮರುದಿನವೇ ಮುಗಿಸಿ. ಒಂದೇ ಸಲ, ಹಬೆ ಏಳುವ ಹಾಗೆ ಬಿಸಿ ಮಾಡಿ. ರಾತ್ರಿಯಿಡೀ ಹೊರಗೇ ಉಳಿದಿದ್ದರೆ ಮಕ್ಕಳಿಗೆ ಕೊಡಬೇಡಿ, ನೀವೂ ತಿನ್ನಬೇಡಿ, ತಿಪ್ಪೆಗೆ ಹಾಕಿ. ಗೊಬ್ಬರವಾದರೂ ಆಗಲಿ.

ಈಗ ನಿಮ್ಮ ವಿಷಯ. ಹೊಟ್ಟೆ ತುಂಬಿದ ಮೇಲೆ "ಚೆಲ್ಲಬಾರದು" ಅಂತ ತಿನ್ನುವ ಒಂದು ಬಟ್ಟಲು ಅನ್ನದಲ್ಲಿ ಸುಮಾರು 200 ಕ್ಯಾಲೊರಿ ಇರುತ್ತದೆ, ಬಹುಪಾಲು ಪಿಷ್ಟವೇ. ಅದನ್ನು ತಿಂದು ಮಲಗಿದರೆ ಬೆಳಗಿನ ಶುಗರ್ ಇಳಿಯದಿರಲು ಅದೂ ಒಂದು ಕಾರಣ ಆಗಬಹುದು. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಈ "ಚೆಲ್ಲಬಾರದು" ಮಾತು ಹೇಳದವರು ಕಡಿಮೆ. ಗಂಡಸರು ಹೇಳಿದ್ದು ಕೇಳಿಲ್ಲ! ಆದರೆ ಮಾತ್ರೆ ತಗೊಳ್ಳುತ್ತಿದ್ದರೆ ಊಟವನ್ನು ಏಕಾಏಕಿ ಅರ್ಧಕ್ಕೆ ಇಳಿಸಬೇಡಿ, ಶುಗರ್ ಕುಸಿಯಬಹುದು. ಡಾಕ್ಟರನ್ನು ಕೇಳಿ ಮಾಡಿ.

ದಿನಾ ಉಳಿಯೋದು ಯಾಕೆ ಅಂತ ಯೋಚಿಸಿ. ಅಕ್ಕಿ ಅಳೆಯುವಾಗಲೇ "ಯಾರಾದರೂ ಬಂದರೆ?" ಅಂತ ಒಂದು ಲೋಟ ಜಾಸ್ತಿ ಬೀಳುತ್ತದೆ. 200 ಗ್ರಾಂ ಅಕ್ಕಿ ಬೆಂದರೆ ಅರ್ಧ ಕಿಲೋಗಿಂತ ಜಾಸ್ತಿ ಅನ್ನ. ನಿಮ್ಮ ಚಿತ್ರಾನ್ನ ಬರುವುದು ಆ ಒಂದು ಲೋಟದಿಂದ. 2024ರ ವಿಶ್ವಸಂಸ್ಥೆ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ವ್ಯರ್ಥವಾಗುತ್ತದೆ. ಸಿಪ್ಪೆ, ಮೂಳೆ ಎಲ್ಲ ಸೇರಿದ ಲೆಕ್ಕ ಅದು. ಹಾಗಿದ್ದರೂ ಆರು ಮಂದಿಗೆ 330 ಕಿಲೋ ಆಯಿತು.

ಕಡಿಮೆ ಬಿದ್ದರೆ ಅನ್ನೋ ಭಯಕ್ಕೆ ನಮ್ಮ ಕಡೆ ಹಳೇ ಮದ್ದೇ ಇದೆ. ಖಡಕ್ ರೊಟ್ಟಿ. ನೀರಿನ ಅಂಶ ತೀರಾ ಕಡಿಮೆ ಇರುವುದರಿಂದ ವಾರಗಟ್ಟಲೆ ಕೆಡಲ್ಲ. ತುಂಗಭದ್ರಾ ಕಾಲುವೆ ಬರುವ ಮುಂಚೆ ಇಲ್ಲಿನ ದಿನದ ಊಟ ಜೋಳವೇ ಆಗಿತ್ತು, ದಿನಾ ಅನ್ನ ಆಮೇಲೆ ಬಂದಿದ್ದು. ನೀವು ಒಂದು ಲೋಟ ಅಕ್ಕಿ ಕಡಿಮೆ ಹಾಕಿ ನೋಡಿ. ಬುಟ್ಟಿಯಲ್ಲಿ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ, ಒಂದಿಷ್ಟು ಮೊಸರು ಇದ್ದರೆ ಇಬ್ಬರು ಬಂದರೂ ಮರ್ಯಾದೆ ಹೋಗಲ್ಲ. 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೋಳ ಅಂತ ಐದು ರೊಟ್ಟಿ ತಿಂದರೆ ಮಾತ್ರ ಶುಗರ್ ಏರಿಯೇ ಏರುತ್ತದೆ. ಎರಡು ರೊಟ್ಟಿ, ಜೊತೆಗೆ ಪುಂಡಿಪಲ್ಯವೋ ಕಾಳುಪಲ್ಯವೋ ಧಾರಾಳವಾಗಿ.

ಪ್ರಶ್ನೆ (ಲಿಂಗಸುಗೂರಿನಿಂದ): ಫ್ರಿಜ್ ಇಲ್ಲದವರು? ನಮ್ಮವ್ವ ರಾತ್ರಿ ಅನ್ನಕ್ಕೆ ನೀರು ಹಾಕಿ ಇಡ್ತಾಳ್ರೀ, ಬೆಳಿಗ್ಗೆ ಮಜ್ಜಿಗೆ, ಉಳ್ಳಾಗಡ್ಡಿ ಹಾಕಿ ಉಣ್ತೀವಿ.

ಉತ್ತರ: ಅನ್ನ ಹುಳಿ ಬಂದ ಮೇಲೆ ಆ ಹುಳಿಯೇ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ. ಹುಳಿ ಬರುವ ತನಕದ ಕೆಲವು ತಾಸು ಮಾತ್ರ ಅಪಾಯ. ಅನ್ನ ಬೇಗ ಆರಿಸಿ, ಶುದ್ಧ ನೀರು, ತೊಳೆದ ಗಡಿಗೆ, ಸ್ವಲ್ಪ ಹುಳಿ ಮಜ್ಜಿಗೆ ಮೊದಲೇ ಸೇರಿಸಿ ಇಟ್ಟರೆ ವಾಸಿ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಬೇಡ.

ಪ್ರಶ್ನೆ (ಮಾನ್ವಿಯಿಂದ): ತಣ್ಣಗಿನ ಅನ್ನ ತಿಂದರೆ ಶುಗರ್ ಏರಲ್ಲ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವಾ?

ಉತ್ತರ: ಕಾಲು ಭಾಗ ನಿಜ. ಆರಿದ ಅನ್ನದಲ್ಲಿ ಪಿಷ್ಟದ ಒಂದು ಸಣ್ಣ ಪಾಲು ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಅದರ ಲಾಭ ಅರ್ಧ ಸೌಟು ಕಡಿಮೆ ಬಡಿಸಿಕೊಂಡರೆ ಸಿಗುವಷ್ಟೂ ಅಲ್ಲ. ಅದಕ್ಕಾಗಿ ಅನ್ನವನ್ನು ಹೊರಗಿಟ್ಟು ತಿನ್ನಬೇಡಿ.

ಪ್ರಶ್ನೆ (ದೇವದುರ್ಗದಿಂದ): ಮದುವೆಯಲ್ಲಿ ಉಳಿದ ಅನ್ನ ವೇಸ್ಟ್ ಆಗಬಾರದು ಅಂತ ಎರಡು ಬುಟ್ಟಿ ಎಮ್ಮೆಗೆ ಹಾಕಿದೆವು. ಸಂಜೆಯಿಂದ ಮೆಲುಕು ಹಾಕುತ್ತಿಲ್ಲ, ಹೊಟ್ಟೆ ಉಬ್ಬಿದೆ.

ಉತ್ತರ: ಇದು ನನ್ನ ಕೆಲಸ ಅಲ್ಲ ಅಣ್ಣಾ. ನಮ್ಮ ಈ ಪ್ರಶ್ನೋತ್ತರ ಗುಂಪಿನಲ್ಲಿರುವ ಪಶುವೈದ್ಯರು ದಯವಿಟ್ಟು ಕೂಡಲೇ ನೋಡಿ.

ಉತ್ತರ (ಪಶುವೈದ್ಯರು): ತಡ ಮಾಡಬೇಡಿ, ಈಗಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಯವರನ್ನು ಕರೆಸಿ. ಮೇವು ತಿನ್ನುವ ಪ್ರಾಣಿಗೆ ಒಮ್ಮೆಲೇ ಅಷ್ಟು ಅನ್ನ ಕೊಟ್ಟರೆ ಅದು ಹೊಟ್ಟೆಯಲ್ಲಿ ಬೇಗ ಹುಳಿತು ಆಮ್ಲ ಆಗುತ್ತದೆ. ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ಭೇದಿ ಶುರುವಾಗುತ್ತದೆ, ಕೊನೆಗೆ ಮೇಲೇಳಲು ಆಗಲ್ಲ. ಜೀವವೇ ಹೋಗಬಹುದು. ಮದುವೆ ಸೀಸನ್‌ನಲ್ಲಿ ಇಂಥ ಕೇಸು ಬರುತ್ತಲೇ ಇರುತ್ತವೆ. ಆಮ್ಲ ತಗ್ಗಿಸಲು ಅಡುಗೆ ಸೋಡಾ ಎಷ್ಟು ಕುಡಿಸಬೇಕು ಅನ್ನೋದನ್ನು ಪರೀಕ್ಷೆ ಮಾಡಿದ ಡಾಕ್ಟರೇ ಹೇಳಲಿ. ಈಗ ಅನ್ನ, ಹಿಂಡಿ, ಕಾಳು ಏನೂ ಹಾಕಬೇಡಿ. ಒಣ ಮೇವು ಮುಂದಿಡಿ. ಉಳಿದ ಬುಟ್ಟಿಯನ್ನು ಆಕಳಿಗೂ ಆಡಿಗೂ ಹಂಚಬೇಡಿ.

ಪ್ರಶ್ನೆ (ರಾಯಚೂರಿನಿಂದ): ಮೇಡಂ, ನಂದು ಮಿರ್ಚಿ ಬಂಡಿ. ರಾತ್ರಿ ಬಾಣಲೆಯಲ್ಲಿ ಉಳಿದ ಎಣ್ಣೆಗೆ ಬೆಳಿಗ್ಗೆ ಹೊಸದು ಸೇರಿಸಿ ನಡೆಸ್ತೀನಿ. ಎಲ್ಲರೂ ಹಂಗೇ ಮಾಡ್ತಾರೆ. ಗಿರಾಕಿಯೊಬ್ಬರು ಬೈದು ಹೋದರು. ಚೆಲ್ಲಿದರೆ ನಷ್ಟ ಅಲ್ಲವೇನ್ರೀ? ಮಂಡಕ್ಕಿ, ಮಿರ್ಚಿ ಕಟ್ಟಿಕೊಡೋಕೆ ಹಳೇ ಪೇಪರ್ ನಡೆಯುತ್ತಾ?

ಉತ್ತರ: ಕೇಳಿದ್ದು ಒಳ್ಳೇದಾಯಿತು ತಮ್ಮಾ, ಎಷ್ಟೋ ಜನ ಕೇಳೋದೇ ಇಲ್ಲ. ಮತ್ತೆ ಮತ್ತೆ ಕಾದ ಎಣ್ಣೆ ಒಡೆದು ಬೇರೆಯೇ ವಸ್ತುಗಳಾಗುತ್ತದೆ. ಇವನ್ನು ಒಟ್ಟು ಪೋಲಾರ್ ಸಂಯುಕ್ತ ಅಂತಾರೆ. ಇವು ಶೇ. 25 ದಾಟಿದ ಎಣ್ಣೆ ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಇದೆ. ಬಂಡಿಯಲ್ಲಿ ಅಳೆಯೋ ಮೆಷಿನ್ ಇರಲ್ಲ, ಕಣ್ಣೇ ಸಾಕು. ಎಣ್ಣೆ ಕಪ್ಪಾಗಿ ಅಂಟಂಟಾದರೆ, ಮಿರ್ಚಿ ಬಿಟ್ಟಾಗ ಬುರುಗು ಇಳಿಯದೆ ನಿಂತರೆ, ಸಣ್ಣ ಉರಿಗೇ ಹೊಗೆ ಬಂದರೆ ಅದು ಮುಗಿಯಿತು. ಹೊಸ ಎಣ್ಣೆ ಸೇರಿಸಿದರೆ ಹಳೇದು ಸರಿಯಾಗಲ್ಲ, ಹೊಸದೂ ಬೇಗ ಕೆಡುತ್ತದೆ. ಕರಿಯುವಾಗ ತೇಲುವ ಹಿಟ್ಟಿನ ಚೂರನ್ನು ಜಾಲರಿಯಿಂದ ಆಗಾಗ ತೆಗೆಯುತ್ತಿರಿ. ಎಣ್ಣೆ ಕಪ್ಪಾಗಲು ಸುಟ್ಟ ಹಿಟ್ಟೂ ಒಂದು ಮುಖ್ಯ ಕಾರಣ. ದೊಡ್ಡ ಬಾಣಲೆ ತುಂಬಾ ಎಣ್ಣೆ ಬೇಡ, ಸಣ್ಣದರಲ್ಲಿ ಕಡಿಮೆ ಹಾಕಿದರೆ ಅಂದಂದಿಗೆ ಮುಗಿಯುತ್ತದೆ.

ಬಳಸಿದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ, ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅದರಿಂದ ಬಯೋಡೀಸೆಲ್ ಮಾಡುತ್ತಾರೆ, ಅದಕ್ಕಾಗಿ ರುಕೋ ಅನ್ನೋ ಯೋಜನೆಯೂ ಇದೆ. ನಾಲ್ಕೈದು ಬಂಡಿಯವರು ಸೇರಿ ಒಂದು ಡಬ್ಬದಲ್ಲಿ ಕೂಡಿಟ್ಟರೆ ಕೊಳ್ಳುವವರು ಸಿಗಬಹುದು.

ಹಳೇ ಪೇಪರ್ ಬೇಡವೇ ಬೇಡ. ಬಿಸಿ ಎಣ್ಣೆಗೆ ಅಚ್ಚಿನ ಶಾಯಿ ಬಿಡುತ್ತದೆ. ಎಫ್‌ಎಸ್‌ಎಸ್‌ಎಐ ಕೂಡ ಇದನ್ನು ಬೇಡ ಅಂದಿದೆ. ಎಲೆ ತಟ್ಟೆ ಬಳಸಿ.

ಮರುಪ್ರಶ್ನೆ: ಆಯ್ತ್ರೀ. ರಾತ್ರಿ ಕಲಸಿದ ಹಿಟ್ಟು ಉಳಿಯುತ್ತಲ್ಲ, ಅದನ್ನು ಬೆಳಿಗ್ಗೆ ಬಳಸಬಹುದಾ?

ಉತ್ತರ: ಬೇಡ. ಒಮ್ಮೆಗೇ ಕಲಸಬೇಡಿ. ಸಂಜೆಗೆ ಅರ್ಧ ಕಲಸಿ, ಎಂಟು ಗಂಟೆ ಮೇಲೆ ಗಿರಾಕಿ ನೋಡಿಕೊಂಡು ಉಳಿದಿದ್ದು ಕಲಸಿ. ಒಣ ಕಡಲೆಹಿಟ್ಟು ಡಬ್ಬದಲ್ಲಿದ್ದರೆ ನಾಳೆಗೂ ಬರುತ್ತದೆ.