ಪದವಿನಲ್ಲಿ ಹಾರಿಸಲು ಯಾವ ಸೈಕಲ್?

ಬದಿಯಡ್ಕ ಹತ್ತಿರದವನ ಪ್ರಶ್ನೆ: ಈಗ ಇರುವುದು ಹಾರ್ಡ್‌ಟೇಲ್: ಮುಂದೆ 100 ಮಿ.ಮೀ. ಆಡುವ ಫೋರ್ಕ್, ಹಿಂದೆ ಶಾಕ್ ಇಲ್ಲ. ಮನೆ ಹಿಂದೆ ಪದವು, ಅಂದರೆ ಕೆಂಪು ಮುರಕಲ್ಲಿನ ಬೋಳು ಗುಡ್ಡೆ. ಅಲ್ಲಿ ಹಾರಿಸಿ ಹಾರಿಸಿ ಹಿಂದಿನ ರಿಮ್ ಎರಡು ಸಲ ಬಾಗಿತು. ಸಣ್ಣ ಪುಟ್ಟ ಜಂಪ್ ಹಾರಬೇಕು, ಆದಿತ್ಯವಾರ ಪೊಸಡಿ ಗುಂಪೆ ಬೆಟ್ಟದ ಕಡೆಗೂ ತುಳಿದುಕೊಂಡೇ ಹೋಗಬೇಕು. ಎರಡಕ್ಕೂ ಒಂದೇ ಫುಲ್ ಸಸ್ಪೆನ್ಷನ್ ಸೈಕಲ್ ಸಾಕಾ? ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ಅಳತೆ, ಎಷ್ಟು ಮಿ.ಮೀ. ಇರಬೇಕು? ಓಡಿಸಿದವರು ಹೇಳಿ.

ಪೆರ್ಲದಿಂದ: ಒಂದೇ ಸಾಕು. ಹಿಂದೆ 130, ಮುಂದೆ 140 ಅಥವಾ 150. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ನಾನು ಮೊದಲು 170ರದ್ದೊಂದು ಸೆಕೆಂಡ್ ಹ್ಯಾಂಡ್ ತಂದಿದ್ದೆ. ನಮ್ಮ ಗುಡ್ಡೆಯ ಇಳಿಜಾರು ಮೂರು ನಿಮಿಷದಲ್ಲಿ ಮುಗಿಯುತ್ತದೆ, ವಾಪಸ್ ಹತ್ತುವಾಗ ಬೆವರು ಕಣ್ಣಿಗೆ ಇಳಿಯುತ್ತದೆ. ಹಾರುವಾಗಲೂ ಸುಖ ಇಲ್ಲ. ದಿಣ್ಣೆಯ ತುದಿಯಲ್ಲಿ ಕಾಲಿನಿಂದ ಒತ್ತಿದ್ದನ್ನೆಲ್ಲ ಶಾಕ್ ನುಂಗಿ ಕೂರುತ್ತಿತ್ತು. 130ರದ್ದು ಒತ್ತಿದ್ದನ್ನು ವಾಪಸ್ ಕೊಡುತ್ತದೆ.

ಟ್ರಾವೆಲ್ ಜೊತೆಗೆ ಚೈನ್‌ಸ್ಟೇ ಅಳತೆಯನ್ನೂ ನೋಡಿ. ಪೆಡಲ್ ತಿರುಗುವ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗೆ. 430 ಮಿ.ಮೀ. ಆಸುಪಾಸು ಇದ್ದರೆ ಮುಂದಿನ ಚಕ್ರ ಎತ್ತುವುದು ಸಲೀಸು. 445 ದಾಟಿದರೆ ನೇರ ಓಡಲು ಚಂದ, ಆಟಕ್ಕೆ ಭಾರ. ಸಾಂಟಾ ಕ್ರೂಜ್ ಕಂಪನಿಯ 5010 ಸೈಕಲ್ ಈ ಆಟದ ಜಾತಿಯದು: ಹಿಂದೆ 130, ಮುಂದೆ 140. 2022ರ ಮಾದರಿಯಿಂದ ಮುಂದಿನ ಚಕ್ರ 29 ಇಂಚು, ಹಿಂದಿನದು 27.5. ನನ್ನ ಕಿಸೆಗಂತೂ ಅದು ಎಟುಕದು. ಆದರೆ ಬೇರೆ ಯಾವುದನ್ನು ನೋಡುವಾಗಲೂ ಆ ಅಳತೆ ಪಕ್ಕದಲ್ಲಿಟ್ಟು ನೋಡಿ. ಮತ್ತೆ, ಡ್ರಾಪರ್ ಸೀಟ್‌ಪೋಸ್ಟ್ ಇಲ್ಲದ್ದು ಬೇಡ. ಸೀಟು ಕೆಳಗಿಳಿಯದೆ ಹಾರುವುದು ಹೇಗೆ?

ಮುಳ್ಳೇರಿಯದಿಂದ: ಎಲ್ಲ ಸರಿ, ಮಳೆಗಾಲ? ಫುಲ್ ಸಸ್ಪೆನ್ಷನ್ ಅಂದರೆ ಹಿಂದೆ ಎಷ್ಟೊಂದು ಬೇರಿಂಗ್. ನಾನು ಜಾಣತನ ಮಾಡಿ, ಅಡಿಕೆಗೆ ಮದ್ದು ಬಿಡುವ ಪಂಪಿನಲ್ಲೇ ಕೆಸರು ತೊಳೆಯುತ್ತಿದ್ದೆ. ಆ ಒತ್ತಡಕ್ಕೆ ಬೇರಿಂಗಿನ ಗ್ರೀಸ್ ಹೋಗಿ ನೀರು ಒಳಗೆ ಕೂತಿತು. ಟ್ಯಾಂಕಿಯ ತಳದಲ್ಲಿ ಮೈಲುತುತ್ತು ಬೇರೆ ಉಳಿದಿತ್ತು, ಅದು ಅಲ್ಯೂಮಿನಿಯಂಗೆ ಆಗುವುದಿಲ್ಲ. ಸೆಪ್ಟೆಂಬರ್‌ಗೆ ಕಿರ್ ಕಿರ್ ಶುರು. ಶಾಕ್ ಬೆಂಗಳೂರಿಗೆ ಹೋಗಿ ಬರಲು ಐದು ವಾರ. ಬಕೆಟ್, ಬ್ರಷ್, ಅಷ್ಟೇ ಸಾಕು. ನಾನು ಈಗ ಪುನಃ ಹಾರ್ಡ್‌ಟೇಲಿಗೇ ಬಂದಿದ್ದೇನೆ, ರಿಮ್ ಮಾತ್ರ ಗಟ್ಟಿಯದು.

ಪೈವಳಿಕೆಯಿಂದ: ಹಾರ್ಡ್‌ಟೇಲ್ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮುರಕಲ್ಲಿನ ಮೇಲೆ ಇಳಿದರೆ ಮಣ್ಣಿನ ಹಾಗೆ ಬಿಟ್ಟುಕೊಡುವುದಿಲ್ಲ, ಬೆನ್ನು ಲೆಕ್ಕ ಇಟ್ಟುಕೊಳ್ಳುತ್ತದೆ. ಆದರೆ ಸೆಟ್ಟಿಂಗ್ ಮಾಡದೆ ಓಡಿಸಬೇಡಿ. ಹೆಲ್ಮೆಟ್, ಚೀಲ ಸಮೇತ ಸೈಕಲ್ ಮೇಲೆ ನಿಲ್ಲಿ. ಶಾಕಿನ ರಬ್ಬರ್ ಉಂಗುರವನ್ನು ಸೀಲಿನ ತನಕ ತಳ್ಳಿ, ಮೆಲ್ಲ ಇಳಿಯಿರಿ. ಶಾಕಿನ ಓಟ (ಚಕ್ರದ ಟ್ರಾವೆಲ್ ಅಲ್ಲ, ಶಾಕ್ ಒಳಗೆ ಹೋಗುವ ಉದ್ದ) 50 ಮಿ.ಮೀ. ಇದ್ದರೆ ಉಂಗುರ 13ರಿಂದ 15 ಸರಿದಿರಬೇಕು. ಹಾರಿ ಇಳಿದಾಗ ತಳಕ್ಕೆ ಬಡಿಯುತ್ತದಾ? ಸುಮ್ನೆ ಗಾಳಿ ಏರಿಸಬೇಡಿ, ಸಣ್ಣದಕ್ಕೂ ಗಡುಸಾಗುತ್ತದೆ. ಒಳಗೆ ಗಾಳಿಯ ಜಾಗ ಕಡಿಮೆ ಮಾಡುವ ಒಂದು ವಾಲ್ಯೂಮ್ ಸ್ಪೇಸರ್ ಹಾಕಿ, ಕೊನೆಯ ಭಾಗ ಮಾತ್ರ ಗಟ್ಟಿಯಾಗುತ್ತದೆ.

ರೀಬೌಂಡ್, ಅಂದರೆ ಒತ್ತಿದ ಶಾಕ್ ವಾಪಸ್ ಬರುವ ವೇಗ, ತೀರಾ ಜಾಸ್ತಿ ಇಟ್ಟುಕೊಂಡು ನಾನೊಮ್ಮೆ ಹಾರಿದೆ. ತುದಿಯಲ್ಲಿ ಹಿಂದಿನ ಚಕ್ರ ಕತ್ತೆಯ ಹಾಗೆ ಒದೆಯಿತು. ಹ್ಯಾಂಡಲ್ ದಾಟಿ ಕೊಟ್ಟೆಮುಳ್ಳಿನ ಬಲ್ಲೆಯೊಳಗೆ. ಅಮ್ಮ ಸೂಜಿ ಹಿಡಿದು ರಾತ್ರಿವರೆಗೆ ಮುಳ್ಳು ತೆಗೆದರು, ಬೈಗುಳ ಪುಕ್ಕಟೆ.

ನೆಲದ ವಿಷಯ: ಜೂನ್‌ನಿಂದ ಕಲ್ಲಿನ ಮೇಲೆ ಪಾಚಿ, ಬೇಸಿಗೆಯಲ್ಲಿ ಉರುಳುವ ಕೆಂಪು ಹರಳು. ಎರಡೂ ಬೀಳಿಸುತ್ತವೆ. ಮಳೆ ಬಿಟ್ಟ ಮೇಲೆ ಮುಳಿಹುಲ್ಲು ಎತ್ತರ ಆಗಿರುತ್ತದೆ, ಆಗ ಹಳೆ ಕಲ್ಲಿನ ಕೋರೆಯ ಅಂಚೇ ಕಾಣುವುದಿಲ್ಲ. ಬೇಲಿಯೂ ಇಲ್ಲ. ಹೊಸ ದಾರಿಯಾದರೆ ಮೊದಲು ನಡೆದು ನೋಡಿ. ನನ್ನದು 140ರದ್ದು, ಬಂದು ಓಡಿಸಿ ನೋಡಿ ಬೇಕಾದರೆ.

ಬದಿಯಡ್ಕದವನು: ಆದಿತ್ಯವಾರ ಬೆಳಿಗ್ಗೆ ಬರುತ್ತೇನೆ. ಹಿಂದೆ 130ಕ್ಕೇ ಮನಸ್ಸು ಆಗಿದೆ. ಮದ್ದಿನ ಪಂಪಿನಲ್ಲಿ ನಾನೂ ತೊಳೆಯುತ್ತಿದ್ದೆ ಅಂತ ಯಾರಿಗೂ ಹೇಳಬೇಡಿ.