ತಾರಸಿ ಮೇಲೆ 15 ಜನ, ಎಲ್ಲರಿಗೂ ಬಿಸಿ ಬಿಸಿ ಏನು ಕೊಡಲಿ?

ತಾರಸಿಮನೆ:
ಡಿಸೆಂಬರ್ 31ಕ್ಕೆ ಬಸವೇಶ್ವರನಗರದ ನಮ್ಮನೆ ತಾರಸಿಯಲ್ಲಿ 15 ಜನ ಸೇರುತ್ತಿದ್ದೇವೆ. ಆಫೀಸಿನ ಗೆಳೆಯರು ಕುಡಿಯುತ್ತಾರೆ. ಅಮ್ಮ, ಅತ್ತೆ, ಮಕ್ಕಳಿಗೆ ಹೋದ ವರ್ಷ ಪ್ಯಾಕೆಟ್ ಜ್ಯೂಸ್ ಕೊಟ್ಟು ಕೂರಿಸಿದ್ದೆ. ಅತ್ತೆ ಶಾಲು ಹೊದ್ದು, ತಣ್ಣಗಿನ ಲೋಟ ಹಿಡಿದು ಮೂಲೆಯಲ್ಲಿ ಕೂತಿದ್ದು ಇನ್ನೂ ಕಣ್ಣ ಮುಂದಿದೆ. ಈ ಸಲ ಎಲ್ಲರ ಕೈಯಲ್ಲೂ ಬಿಸಿ ಲೋಟ ಇರಬೇಕು.

ಗೆಳೆಯರಿಗೆ ಮಾಡಿದ ಬಿಸಿ ವೈನ್ ಕೂಡ ಕಹಿಯಾಗಿತ್ತು. 2 ಬಾಟಲಿ ರೆಡ್ ವೈನ್‌ಗೆ ಒಂದು ಹಿಡಿ ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಅರ್ಧ ಗಂಟೆ ಕುದಿಸಿದ್ದೆ. ಎಲ್ಲಿ ತಪ್ಪಿದೆ?

ಚಕ್ಕೆಲವಂಗ:
ವೈನ್ ಕುದಿಸಲೇಬಾರದು. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಅರ್ಧ ಗಂಟೆಯಲ್ಲಿ ಬಹಳಷ್ಟು ಹಾರಿಹೋಗಿರುತ್ತದೆ. ಹಬೆ ಏಳುತ್ತಿದ್ದ ಹಾಗೆ ಉರಿ ಸಣ್ಣ ಮಾಡಿ. ಒಂದು ಬಾಟಲಿಗೆ 5 ಲವಂಗ ಸಾಕು. ಸಿಪ್ಪೆಯ ಒಳಗಿನ ಬಿಳಿ ಪದರ ಕೆರೆದು ತೆಗೆಯಿರಿ, ಅದೂ ಕಹಿಯೇ.

ಆದರೆ ನಿಮಗೆ ವೈನೇ ಬೇಡ ಅಂತ ನನಗನ್ನಿಸುತ್ತದೆ. ನಮ್ಮಲ್ಲಿ ಬೆಂಗಳೂರು ಬ್ಲೂ ಇದೆ ಅಲ್ವಾ, ಬೀಜ ಇರುವ ಕಪ್ಪು ದ್ರಾಕ್ಷಿ. 2 ಕೆಜಿ ತನ್ನಿ. ಮುಳುಗುವಷ್ಟು ನೀರು ಹಾಕಿ, ಸಿಪ್ಪೆ ಬಿರಿಯುವ ತನಕ ಬೇಯಿಸಿ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಕೈಯಿಂದಲೇ ಹಿಂಡಿ. ಮಿಕ್ಸಿಗೆ ಹಾಕಬೇಡಿ, ಬೀಜ ನುರಿದರೆ ಒಗರಾಗುತ್ತದೆ. ನನ್ನ ಬೆರಳುಗಳು ಎರಡು ದಿನ ನೇರಳೆ ಬಣ್ಣದಲ್ಲೇ ಇರುತ್ತವೆ, ನನಗೆ ಡಿಸೆಂಬರ್ ಅಂದರೆ ಅದೇ. ರಸಕ್ಕೆ ಒಂದು ಬೆರಳುದ್ದ ಚಕ್ಕೆ, 8 ಲವಂಗ, ಜಜ್ಜಿದ ಒಣಶುಂಠಿ, ರುಚಿ ನೋಡಿಕೊಂಡು ಬೆಲ್ಲ. ಸಣ್ಣ ಉರಿಯಲ್ಲಿ 15 ನಿಮಿಷ ಇಟ್ಟು ಸೋಸಿ.

ಅತ್ತೆಗೆ, ಮಕ್ಕಳಿಗೆ ಹಾಗೇ ಕೊಡಿ. ಕುಡಿಯುವವರ ಲೋಟಕ್ಕೆ ಮೊದಲು 30 ಮಿಲಿ ಡಾರ್ಕ್ ರಮ್ ಹಾಕಿ, ಅದರ ಮೇಲೆ ಇದೇ ರಸ ಬಿಸಿಬಿಸಿ ಸುರಿಯಿರಿ. ರಮ್ ಪಾತ್ರೆಗೆ ಹೋಗಲೇಬಾರದು. ರಮ್ ಇರುವುದು ಗಾಜಿನ ಲೋಟದಲ್ಲಿ, ಇಲ್ಲದ್ದು ಸ್ಟೀಲ್ ಲೋಟದಲ್ಲಿ. ಕತ್ತಲಲ್ಲಿ ಅದಲುಬದಲಾಗುವುದಿಲ್ಲ.

ಫ್ರೇಜರ್‌ಟೌನಿನವಳು:
ಕ್ರಿಸ್‌ಮಸ್‌ಗೆ ನಮ್ಮನೆಯಲ್ಲಿ ಜಿಂಜರ್ ವೈನ್ ಇರಲೇಬೇಕು. ಹೆಸರು ವೈನ್, ಆಲ್ಕೋಹಾಲ್ ಇಲ್ಲ. ಹಸಿಶುಂಠಿ, ಚಕ್ಕೆ, ಲವಂಗ, ಎರಡು ಒಣಮೆಣಸಿನಕಾಯಿ ನೀರಲ್ಲಿ ಕುದಿಸಿ ಸೋಸಿ. ಸಕ್ಕರೆ ಹಾಕಿ ಪಾಕದಂತೆ ಮಾಡಿ. ಸ್ವಲ್ಪ ಸಕ್ಕರೆ ಬೇರೆಯಾಗಿ ಕಂದು ಬಣ್ಣಕ್ಕೆ ಸುಟ್ಟು ಸೇರಿಸಿ, ಬಣ್ಣ ಅದರಿಂದಲೇ ಬರುವುದು. ಆರಿದ ಮೇಲೆ ನಿಂಬೆರಸ. ಕೊಡುವಾಗ ಬಿಸಿನೀರು ಬೆರೆಸಿ. ಗಂಟಲಲ್ಲಿ ಇಳಿಯುವಾಗ ಮೆಣಸಿನಕಾಯಿ ಗೊತ್ತಾಗಬೇಕು.

ಗಾಂಧಿಬಜಾರ್ ಹುಡುಗ:
ಅಮ್ಮನಿಗೆ ಹಾಲು ಹಾಕಿದ ಕಷಾಯ ಇಷ್ಟವಾದರೆ ಅದೂ ಇರಲಿ. ಬೆಲ್ಲವನ್ನು ಒಲೆ ಆರಿಸಿದ ಮೇಲೆ ಹಾಕಿ, ಇಲ್ಲದಿದ್ದರೆ ಹಾಲು ಒಡೆಯಬಹುದು.

ತಾರಸಿಮನೆ:
ಅಕ್ಕಾ, ನಿನ್ನೆ ಅರ್ಧ ಕೆಜಿ ದ್ರಾಕ್ಷಿಯಲ್ಲಿ ಮಾಡಿ ನೋಡಿದೆ. ಅತ್ತೆ ಎರಡನೇ ಲೋಟ ಕೇಳಿದರು! ಹಿಂದಿನ ದಿನವೇ ಮಾಡಿಡಬಹುದಾ?

ಚಕ್ಕೆಲವಂಗ:
ರಸ ಮಾತ್ರ ಹಿಂಡಿ ಫ್ರಿಜ್‌ನಲ್ಲಿಡಿ. ಚಕ್ಕೆ ಲವಂಗ ಅವತ್ತು ಸಂಜೆ ಹಾಕಿ. ತಾರಸಿಗೆ ಫ್ಲಾಸ್ಕ್‌ನಲ್ಲಿ ಒಯ್ಯಿರಿ, ಅಲ್ಲಿ ಗಾಳಿಗೆ ಪಾತ್ರೆ ಬೇಗ ಆರುತ್ತದೆ. ಅತ್ತೆಯ ಲೋಟ ಮೊದಲು ತುಂಬಿಸಿ.