ಮೇಲೇಳುವ ಕಾರ್ಕ್, ಮುಗ್ಗಲು ವಾಸನೆ: ತಿರುಪು ಮುಚ್ಚಳಕ್ಕೆ ಹೋಗಬೇಕೇ?

ಪ್ರಶ್ನೆ: ಎಂಟು ತಿಂಗಳ ಹಿಂದೆ ಮನೆಯಲ್ಲಿ ತಯಾರಿಸಿದ ಕೆಂಪು ವೈನನ್ನು 30 ಬಾಟಲಿಗಳಿಗೆ ತುಂಬಿ, ಹತ್ತು ನಿಮಿಷ ಕುದಿಸಿದ ಕಾರ್ಕ್‌ಗಳನ್ನು ಕೈಯಂತ್ರದಿಂದ ಒತ್ತಿ, ಕೂಡಲೇ ಅಡ್ಡ ಮಲಗಿಸಿಟ್ಟಿದ್ದೆ. ಈಗ ಐದು ಬಾಟಲಿಗಳ ಕಾರ್ಕ್ ಮೇಲೆದ್ದಿದೆ, ಎರಡರಿಂದ ವೈನ್ ಜಿನುಗುತ್ತಿದೆ, ತೆರೆದು ನೋಡಿದ ಒಂದರಲ್ಲಿ ನೆನೆದ ರಟ್ಟಿನಂಥ ಮುಗ್ಗಲು ವಾಸನೆಯಿದೆ. ಮುಂದಿನ ಸಲ ಸಿಂಥೆಟಿಕ್ ಕಾರ್ಕ್ ಬಳಸಲೇ, ತಿರುಪು ಮುಚ್ಚಳಕ್ಕೆ ಹೋಗಲೇ?

ಉತ್ತರ: ತಾವು ಹೇಳಿರುವುದು ಒಂದು ದೋಷವಲ್ಲ, ಮೂರು. ಬಾಟಲಿಯ ಕೊರಳಿನ ಒಳವ್ಯಾಸ ಸುಮಾರು 18.5 ಮಿ.ಮೀ., ಕಾರ್ಕಿನದು ಸಾಮಾನ್ಯವಾಗಿ 24 ಮಿ.ಮೀ.; ಅದನ್ನು ಹಿಸುಕಿ ಒಳಗೆ ತಳ್ಳುವಾಗ ಕೆಳಗಿನ ಗಾಳಿಯೂ ಒತ್ತಿಕೊಂಡು, ಕೂಡಲೇ ಮಲಗಿಸಿದರೆ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ಬಾಟಲಿಯನ್ನು ಒಂದೆರಡು ದಿನ ನೆಟ್ಟಗೆ ನಿಲ್ಲಿಸಿದ್ದರೆ ಕಾರ್ಕ್ ಹಿಗ್ಗಿ ಕೊರಳನ್ನು ಕಚ್ಚಿಕೊಳ್ಳುವಷ್ಟರಲ್ಲಿ ಆ ಒತ್ತಡ ಇಳಿಯುತ್ತಿತ್ತು. ಕುದಿಸಿದ್ದಂತೂ ಬೇಡವಾಗಿತ್ತು, ಏಕೆಂದರೆ ಅದರಿಂದ ಮೇಲಿನ ಮೇಣದ ಲೇಪ ಹೋಗಿ ಕಾರ್ಕಿನ ಪುಟಿತವೂ ಕುಂದುತ್ತದೆ. ಜಿನುಗುವ ಬಾಟಲಿಯ ಕಾರ್ಕನ್ನು ಕಿತ್ತು ಅದರ ಮೈ ನೋಡಿ: ಬುಡದಿಂದ ನೆತ್ತಿಯವರೆಗೆ ಕೆಂಪು ಗೆರೆ ಹರಿದಿದೆಯೇ? ತೆರೆಯುವಾಗ ನೊರೆ ಬಂದಿತೇ?

ಪ್ರಶ್ನಿಸಿದವರು: ನೊರೆ ಇಲ್ಲ. ಎರಡೂ ಕಾರ್ಕ್‌ಗಳಲ್ಲಿ ಸಣ್ಣ ಮಡಿಕೆಯಿದ್ದು, ಅದರ ಗುಂಟ ಕೆಂಪು ಗೆರೆ ಹರಿದಿದೆ. ಅಂದ ಹಾಗೆ, ಉಪಕರಣಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆಯುತ್ತೇನೆ.

ಉತ್ತರ: ನೊರೆ ಇಲ್ಲದಿರುವುದು ಒಳ್ಳೆಯದಾಯಿತು, ಬಾಟಲಿಯೊಳಗೆ ಮತ್ತೆ ಹುದುಗು ಎದ್ದಿದ್ದರೆ ಯಾವ ಮುಚ್ಚಳವೂ ನೆರವಿಗೆ ಬರುತ್ತಿರಲಿಲ್ಲ. ಮಡಿಕೆ ಕಾರ್ಕನ್ನು ಹಿಸುಕುವ ಯಂತ್ರದ ದವಡೆಯಿಂದ ಆದದ್ದು, ಅದನ್ನು ಸರಿಪಡಿಸದೆ ಸಿಂಥೆಟಿಕ್ ಹಾಕಿದರೂ ಹೀಗೆಯೇ ಜಿನುಗೀತು. ಮುಗ್ಗಲು ವಾಸನೆ ಬಹುಮಟ್ಟಿಗೆ ಟಿಸಿಎ ಎಂಬ ಸಂಯುಕ್ತದ್ದು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಕ್ಲೋರಿನ್ ಸೋಕಿದ ಮರ ಅಥವಾ ಕಾರ್ಕಿನ ಮೇಲೆ ಬೂಷ್ಟು ಬೆಳೆದಾಗ ಅದು ಹುಟ್ಟುವುದರಿಂದ ಬ್ಲೀಚನ್ನು ವೈನಿನ ಕೋಣೆಯಿಂದಲೇ ಹೊರಗಿಡಿ.

ಇನ್ನು ಆಯ್ಕೆ. ತಿರುಪು ಮುಚ್ಚಳದ ಬಗ್ಗೆ ನನಗೆ ಗೌರವವಿದೆ: ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ಹಲವು ತಯಾರಕರು 2000ದಲ್ಲಿ ಒಟ್ಟಾಗಿ ತಮ್ಮ ರೀಸ್ಲಿಂಗ್ ಎಂಬ ಬಿಳಿ ವೈನಿಗೆ ಅದನ್ನೇ ಹಾಕಿದ್ದು ಕಾರ್ಕಿನ ಈ ಕಾಟಕ್ಕೆ ಬೇಸತ್ತೇ. ಆದರೆ ಅದಕ್ಕೆ ತಿರುಪಿನ ಕೊರಳಿನ ಬಾಟಲಿಯೂ, ಅಲ್ಯೂಮಿನಿಯಂ ಹಾಳೆಯನ್ನು ಆ ತಿರುಪಿಗೆ ಒತ್ತಿ ಕೂರಿಸುವ ಯಂತ್ರವೂ ಬೇಕು. ಬಳಸಿದ ಮುಚ್ಚಳದ ಒಳಪದರದಲ್ಲಿ ಹಳೆಯ ಅಚ್ಚು ಉಳಿದಿರುವುದರಿಂದ ಅದನ್ನು ಮತ್ತೆ ನಂಬುವಂತಿಲ್ಲ. ಗಾಳಿ ಬಹಳ ಕಡಿಮೆ ಹೋಗುವ ಒಳಪದರವಿದ್ದರೆ, ವೈನಿನಲ್ಲಿ ಮೊದಲೇ ಅಡಗಿದ್ದ ಗಂಧಕದ ವಾಸನೆ ಕೊಳೆತ ಮೊಟ್ಟೆಯಂತೆ ಎದ್ದು ಬರುವುದೂ ಉಂಟು. ಸಿಂಥೆಟಿಕ್ ಕಾರ್ಕಿಗೆ ಟಿಸಿಎ ಭಯವಿಲ್ಲ, ಆದರೆ ಬಹಳಷ್ಟು ಬಗೆಗಳಲ್ಲಿ ಗಾಳಿ ಹೆಚ್ಚು ನುಸುಳುವುದರಿಂದ ಎರಡು ವರ್ಷದೊಳಗೆ ಕುಡಿಯುವ ವೈನಿಗಷ್ಟೇ ಅದನ್ನು ಹಾಕುತ್ತೇನೆ. ತಮ್ಮ ಕೈಯಂತ್ರಕ್ಕೆ, ಶುದ್ಧೀಕರಿಸಿದ ಕಾರ್ಕ್ ಹರಳುಗಳನ್ನು ಅಂಟಿಸಿ ಮಾಡಿದ ಬಿರಡೆಯೇ ನನ್ನ ಸಲಹೆ. ಮೇಲೆದ್ದ ಐದನ್ನು ಒಳಗೆ ದೂಡಲು ಹೋಗದೆ ನೆಟ್ಟಗೆ ನಿಲ್ಲಿಸಿ, ಮೊದಲು ಅವನ್ನೇ ಮುಗಿಸಿ.